ಮನೆ ಬಿಡುವ ಮಾತನ್ನು ಮನೆಯೊಳಗೇ ಆಡುವ ಬಗ್ಗೆ

ಬೆಲ್ಲಾ ಎಂಬ್ರಿಯಾನಾ ಅವರಿಗೆ,
ನಮ್ಮ ಮನೆಯ ಖಾಯಂ ದೆವ್ವ,
ನಾಲ್ಕನೆಯ ಮಹಡಿ, ಸನಿತಾ, ನೇಪಲ್ಸ್.

ಮಾನ್ಯರೇ,

ನಾಲ್ಕು ತಲೆಮಾರುಗಳಿಂದ ನಮ್ಮನ್ನು ಕಾಯುತ್ತ, ಪರದೆಯಲ್ಲಿ ಗಾಳಿಯಾಗಿಯೂ ಗೋಡೆಯ ಮೇಲೆ ಹಲ್ಲಿಯಾಗಿಯೂ ದರ್ಶನ ಕೊಡುತ್ತಿರುವ ತಮಗೆ ಇದೇ ಮನೆಯ ರೈಮೊಂಡೊ ಕಕಾಚೆಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ತಮಗೇನಾದರೂ ಬೇಸರವಾದರೆ ಅದು ನಮ್ಮ ಮೈಮೇಲೆಯೇ ಕಾಣಿಸಿಕೊಳ್ಳುವುದರಿಂದ ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯವಿಲ್ಲ.

ಮನೆ ಬಿಡುವ ಮಾತು ತಮ್ಮ ಕಿವಿಗೆ ಬೀಳಬಾರದೆಂಬ ನಿಯಮವನ್ನು ನಾವು ಎಷ್ಟು ನಿಷ್ಠೆಯಿಂದ ಪಾಲಿಸಿದ್ದೇವೆಂಬುದು ತಮಗೆ ತಿಳಿದಿಲ್ಲ; ತಿಳಿಯದಿರುವುದೇ ಅದಕ್ಕೆ ಸಾಕ್ಷಿ. ನನ್ನ ಅಜ್ಜ ಒಮ್ಮೆ ಅಡುಗೆಮನೆಯಲ್ಲಿ "ಕೈತೋಟ ಇರೋ ಮನೆ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದರಂತೆ. ಮರುದಿನವೇ, ಐವತ್ತು ವರ್ಷ ಓಡಾಡಿದ ಅದೇ ನೆಲದ ಮೇಲೆ ಜಾರಿ ಕಾಲು ಮುರಿದುಕೊಂಡರು. ತಮ್ಮ ಶ್ರವಣಶಕ್ತಿಯ ಬಗ್ಗೆ ಅಂದಿನಿಂದ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ.

ಹೀಗಾಗಿ, ಬೆಟ್ಟದ ಮೇಲಿನ ಬಡಾವಣೆಯ ನುನ್ಸಿಯಾತಾ ಅವರನ್ನು ಮದುವೆಯಾಗಿ ಅವರ ಮನೆ ಸೇರುವ ವಿಷಯವನ್ನು ನಾನು ಆರು ವರ್ಷಗಳಿಂದ ಮೆಟ್ಟಿಲ ಮೇಲೆ, ಚರ್ಚಿನ ಕೊನೆಯ ಬೆಂಚಿನಲ್ಲಿ, ಮೀನಂಗಡಿಯ ಸಾಲಿನಲ್ಲಿ ಪಿಸುಗುಟ್ಟುತ್ತ ಬಂದಿದ್ದೇನೆ. "ದೋನ್ ರೈಮೊಂಡೊ, ಬೇಗ ಮದ್ವೆ ಆಗ್ರೀ, ನಿಮಗಿಂತ ನನ್ನ ಮೀನೇ ತಾಜಾ ಇದೆ" ಎಂದು ಮೀನಿನವನು ಕೂಡ ಹೇಳತೊಡಗಿದ್ದಾನೆ. ಇಡೀ ಬೀದಿಗೆ ಗೊತ್ತಿರುವುದು ತಮಗೊಬ್ಬರಿಗೇ ಗೊತ್ತಿಲ್ಲ.

ಕಳೆದ ಭಾನುವಾರ ನುನ್ಸಿಯಾತಾ ಊಟಕ್ಕೆ ಬಂದರು. ನನ್ನ ಚಿಕ್ಕಮ್ಮ ತಿತೀನಾ ಮಾಂಸದ ಸಾರನ್ನು ಮೇಜಿನ ಮೇಲಿಡುತ್ತಿದ್ದಂತೆ, ತಮಗೆಂದು ಸದಾ ಖಾಲಿ ಬಿಡುವ ಕುರ್ಚಿಯ ಕಡೆಗೇ ನುನ್ಸಿಯಾತಾ ತಿರುಗಿ, "ರೈಮೊಂಡೊ, ಈ ಮನೆ ಯಾವತ್ತು ಬಿಡ್ತೀಯ?" ಎಂದು ಕೇಳಿಯೇಬಿಟ್ಟರು. ಚಿಕ್ಕಮ್ಮ ಸೌಟಿನಿಂದ ಪಾತ್ರೆ ಬಡಿಯುತ್ತ "ಬಣ್ಣ! ಬಣ್ಣ ಹೊಡೆಸ್ತೀವಿ! ಎಂಥ ಚೆಂದದ ಮನೆ, ಬಿಡೋದುಂಟಾ!" ಎಂದು ಕೂಗಿದರು. ನಾನೂ ಹೆದರಿ, ಸೋರುವ ನಲ್ಲಿಯನ್ನು ಮನಸಾರೆ ಹೊಗಳಿದೆ. ನುನ್ಸಿಯಾತಾ ಎದ್ದು ನಿಂತು, "ಬುಧವಾರದೊಳಗೆ ಆ ಬೆಲ್ಲಾ ಎಂಬ್ರಿಯಾನಾ ಎದುರಿಗೇ ಹೇಳು. ಇಲ್ಲಾಂದ್ರೆ ನೀನೂ ನಿನ್ನ ದೆವ್ವಾನೂ ಸುಖವಾಗಿರಿ. ಮೆಟ್ಟಿಲ ಮೇಲೆ ಸಂಸಾರ ಮಾಡೋಕೆ ನನ್ನಿಂದಾಗಲ್ಲ" ಎಂದು ಇಳಿದು ಹೋದರು.

ಆದಕಾರಣ ತಾವು ನನಗೊಂದು ನಿರಾಕ್ಷೇಪಣಾ ಪತ್ರವನ್ನು ದಯಪಾಲಿಸಬೇಕು. ಸಹಿಗೆ ಕೈ ಇಲ್ಲದಿದ್ದರೆ ಬಾಲದ ಗುರುತು ಸಾಕು. ಏನನ್ನಾದರೂ ಮುರಿಯಲೇಬೇಕೆಂದಿದ್ದರೆ, ಮದುವೆಯ ದಿನ ಅಷ್ಟಾಗಿ ಬೇಕಾಗದ ಎಡಗೈ ಕಿರುಬೆರಳನ್ನು ಪರಿಶೀಲಿಸಬೇಕಾಗಿ ವಿನಂತಿ. ಇಲ್ಲವೇ ನಮ್ಮೊಂದಿಗೇ ಬಂದುಬಿಡಿ. ಅಲ್ಲಿ ಹೊಸ ಕಟ್ಟಡ, ಇನ್ನೂ ಯಾರೂ ಸತ್ತಿಲ್ಲ, ಹುದ್ದೆ ಖಾಲಿ ಇದೆ.

ಇಂದು ಬುಧವಾರ. ನುನ್ಸಿಯಾತಾ ಬಾಗಿಲಲ್ಲಿ ನಿಂತಿದ್ದಾರೆ. ಬರೆದು ಮುಗಿಸಿದ ಕೂಡಲೇ ಇದನ್ನು ಅಡುಗೆಮನೆಯ ನಡುವೆ ನಿಂತು ಗಟ್ಟಿಯಾಗಿ ಓದಲಿದ್ದೇನೆ. ಮಾನ್ಯರೇ, ನಾನು ಈ ಮನೆ ಬಿಡುತ್ತಿದ್ದೇನೆ.

ತಮ್ಮ ವಿಶ್ವಾಸಿ,
ರೈಮೊಂಡೊ ಕಕಾಚೆ

ಓದಿದ ಮೇಲೆ ಸೇರಿಸಿದ್ದು: ಕೊನೆಯ ವಾಕ್ಯ ಮುಗಿಯುತ್ತಿದ್ದಂತೆ ನುನ್ಸಿಯಾತಾ ನನ್ನ ಕೈ ಹಿಡಿದರು, ಚಿಕ್ಕಮ್ಮ ಪಕ್ಕದ ಮನೆಗೆ ಓಡಿ ಬಟ್ಟೆಬರೆ ತುಂಬಿದ ಪೆಟ್ಟಿಗೆಯೊಂದನ್ನು ಎಳೆದು ತಂದರು. ತಮ್ಮ ಕಣ್ಣಿಗೆ ಬೀಳದಿರಲೆಂದು ನಾಲ್ಕು ವರ್ಷಗಳಿಂದ ಅಲ್ಲಿಯೇ ಕಟ್ಟಿಟ್ಟಿದ್ದರಂತೆ. "ನುನ್ಸಿಯಾತಾ ಮನೇಲಿ ಲಿಫ್ಟ್ ಇದೆ ಕಣೋ!" ಎನ್ನುತ್ತಿದ್ದಾರೆ. ತಾವು ಆಲೂಗಡ್ಡೆ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿದವರಲ್ಲವಾದ್ದರಿಂದ ಅವರ ಆನಂದ ತಮಗೆ ಅರ್ಥವಾಗಲಿಕ್ಕಿಲ್ಲ.