ಆನೆ ಸೀಮೆಗೆ ಹಲಸಿನ ಹಣ್ಣು ಒಯ್ದದ್ದು

ನೆಂಟರ ಮನೆಗೆ ಹೇಗೆ ಹೋಗಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬರಿಗೈಯಲ್ಲಿ ಹೋಗಬಾರದು. ಬೇಕರಿಯ ಸ್ವೀಟ್ ಬಾಕ್ಸ್ ಹಿಡಿದು ಹೋಗುವುದಂತೂ ಕೂಡದು. ಮನೆಯಲ್ಲಿ ಬೆಳೆದದ್ದನ್ನು ಒಯ್ಯಬೇಕು. ಚಿಕ್ಕಮಗಳೂರಿನ ನಮ್ಮ ಹಿತ್ತಿಲಲ್ಲಿ ಬೆಳೆಯುವುದು ಎರಡೇ, ಕಳೆ ಮತ್ತು ಹಲಸು. ಕಳೆ ಒಯ್ಯುವ ಪದ್ಧತಿ ಇಲ್ಲ. ಹಾಗಾಗಿ ಹಲಸು!

ಕಾಫಿ ಹೂವಿನ ಕಾಲ. ಬಾಳೂರಿನಿಂದ ನನ್ನ ಹೆಂಡತಿ ಸುಮಿತ್ರಾಳ ಅಕ್ಕ ವಿಶಾಲಕ್ಕ ಫೋನು ಮಾಡಿದ್ದರು. ಅವರ ದನಿ ಸ್ಪೀಕರ್ ಇಲ್ಲದೆಯೂ ಇಡೀ ಮನೆಗೆ ಕೇಳುತ್ತದೆ.

“ತೋಟ ಪೂರ್ತಿ ಬೆಳ್ಳಗಾಗಿದೆ ಕಣೆ ಸುಮಿ. ಇನ್ನೆರಡು ದಿನಕ್ಕೆ ಬಾಡಿ ಹೋಗುತ್ತೆ, ಇಬ್ರೂ ಬಂದು ನೋಡ್ಕೊಂಡು ಹೋಗಿ. ಎರಡು ವರ್ಷದಿಂದ ಹೂಮಳೆ ಕೈಕೊಟ್ಟಿತ್ತಲ್ಲ, ಈ ಸಲ ನಿಮ್ಮ ಭಾವ ತೋಟದೊಳಗೆ ಒಬ್ಬರನ್ನೂ ಬಿಡ್ತಿಲ್ಲ. ಆಳುಗಳಿಗೆಲ್ಲ ರಜ. ಅವ್ರಿಗೇ ಸೀನು ಬಂದ್ರೂ ರಸ್ತೆಗೆ ಹೋಗಿ ಸೀನಿ ಬರ್ತಾರೆ!”

ಹೂ ಬಿಟ್ಟ ದಿನಗಳಲ್ಲಿ ತೋಟಕ್ಕೆ ಇಳಿಯಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಗಿಡ ಅಲುಗಿದರೆ ಹೂ ಉದುರುತ್ತದೆ. ಹೂ ಉದುರಿದರೆ ಕಾಯಿ ಇಲ್ಲ. ಈ ಸಲವೂ ಕಾಯಿ ಇಲ್ಲದಿದ್ದರೆ ಓಂಕಾರ ಭಾವನಿಗೆ ಇನ್ನೊಂದು ವರ್ಷ ನಿದ್ದೆ ಇಲ್ಲ. ಇದೂ ನನಗೆ ಚೆನ್ನಾಗಿ ಗೊತ್ತಿತ್ತು.

ಹಣ್ಣು ಎಷ್ಟು ದೊಡ್ಡದಿತ್ತು? ಇಲ್ಲಿ ಒಂದು ಎಚ್ಚರಿಕೆ ಕೊಡಬೇಕು. ಮೊದಲ ಸಲ ಈ ಕತೆ ಹೇಳಿದಾಗ ಅದು ಆಗ ತಾನೆ ಹುಟ್ಟಿದ ಮಗುವಿನಷ್ಟಿತ್ತು. ಹೇಳಿದಾಗಲೆಲ್ಲ ಬೆಳೆದು ಈಗ ಎಲ್‌ಕೆಜಿಗೆ ಸೇರಿಸುವಷ್ಟಾಗಿದೆ. ನೆನಪಿಗೆ ಗೊಬ್ಬರ ಬೇಕಿಲ್ಲ, ಬಾಯಿ ಇದ್ದರೆ ಸಾಕು. ಆದ್ದರಿಂದ ನಾನು ಹೇಳುವುದರಲ್ಲಿ ಓದುಗರು ಅರ್ಧ ಕಳೆದುಕೊಂಡು ಓದಬೇಕಾಗಿ ವಿನಂತಿ. ಭಯವನ್ನು ಮಾತ್ರ ಕಳೆಯಬೇಡಿ. ಅದು ಪೂರ್ತಿ ಇತ್ತು.

“ಅಕ್ಕನ ತೋಟದಲ್ಲೇ ಹಲಸಿನ ಮರ ಇದೆಯಲ್ರೀ, ಇದೆಂತಕ್ಕೆ?” ಎಂದಳು ಸುಮಿತ್ರಾ.

“ಇರಬಹುದು. ಅವು ಇಷ್ಟು ಬೇಗ ಹಣ್ಣಾಗಿವೆಯಾ?” ಎಂದು ಗಂಭೀರವಾಗಿ ಕೇಳಿ ಡಿಕ್ಕಿ ಮುಚ್ಚಿದೆ.

ಆಲ್ದೂರು ದಾಟುವಾಗ ಹಣ್ಣಿನ ವಾಸನೆ ಹಿಂದಿನ ಸೀಟಿಗೆ ಬಂತು. ಮೂಡಿಗೆರೆಯಲ್ಲಿ ಮುಂದಿನ ಸೀಟಿಗೆ ಬಂತು. ಬಣಕಲ್ ಹೊತ್ತಿಗೆ ಅದೇ ಗಾಡಿ ಓಡಿಸುತ್ತಿರುವಂತೆ ಅನ್ನಿಸತೊಡಗಿತು. ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಸುಮಿತ್ರಾ ಅಕ್ಕನಿಗೆ ಫೋನು ಹಚ್ಚಿ, “ಇವ್ರು ಹಲಸಿನ ಹಣ್ಣು ತರ್ತಿದಾರೆ ಕಣೇ” ಎಂದಳು. ಆ ಕಡೆಯಿಂದ ಕಿರುಚಿದ ಸದ್ದಿಗೆ ಟೀ ಅಂಗಡಿಯವನು ಸೌಟು ಕೆಳಗಿಟ್ಟ.

“ಹಲಸಿನ ಹಣ್ಣಾ! ಸುಮಿ, ನಿಮಗೆ ತಲೆ ನೆಟ್ಟಗಿದೆಯಾ? ಒಂದು ತಿಂಗಳಿಂದ ಇವ್ರು ತೋಟದ ಹಲಸಿನ ಕಾಯಿ ಎಲ್ಲ ಎಳೇದಿದ್ದಾಗಲೇ ಕೊಯ್ಸಿ ಗುಂಡಿಗೆ ಹಾಕ್ಸಿದಾರೆ, ಆನೆ ಬರ್ಬಾರ್ದು ಅಂತ! ಪಲ್ಯಕ್ಕೆ ಒಂದು ಕಾಯಿ ಬಿಡಿ ಅಂದ್ರೆ ಬಿಡ್ಲಿಲ್ಲ. ಆ ಹಣ್ಣನ್ನ ಅಲ್ಲೇ ಬಿಟ್ಟು ಬನ್ನಿ!”

ಅಲ್ಲೇ ಬಿಡುವುದು ಎಂದರೆ ಎಲ್ಲಿ? ನಾನು ಟೀ ಅಂಗಡಿಯವನಿಗೆ ಉದಾರವಾಗಿ ಹೇಳಿದೆ, “ಒಂದು ಹಲಸಿನ ಹಣ್ಣಿದೆ, ಇಟ್ಕೊಳ್ಳಿ. ದುಡ್ಡೇನೂ ಬೇಡ.”

“ಅಯ್ಯೋ, ಬೇಡ ಮಾರಾಯ್ರೆ! ಆಚೆ ಮನೆಯವ್ರು ಹಿತ್ತಿಲಲ್ಲಿ ಒಂದೇ ಒಂದು ಹಣ್ಣು ಬಿಟ್ಟಿದ್ರು. ಆನೆ ಬಂದು ಬಚ್ಚಲುಮನೆ ಗೋಡೆ ಬೀಳಿಸ್ತು. ಯಜಮಾನ್ರು ಒಳಗೆ ಸ್ನಾನ ಮಾಡ್ತಿದ್ರು.”

“ಆಮೇಲೆ?”

“ಆಮೇಲೆಂತ? ಪುಣ್ಯಕ್ಕೆ ಟವೆಲ್ ಕೈಗೆ ಸಿಕ್ತು.”

ಕಳಸದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರ ಕಡೆ ತಿರುಗಿದೆ. ಅವರು ನಾನು ಬಾಯಿ ತೆರೆಯುವ ಮೊದಲೇ ಎದ್ದು ಬೇರೆ ಬೆಂಚಿಗೆ ಹೋದರು. ರಸ್ತೆ ಬದಿಗೆ ಎಸೆಯೋಣ ಎಂದರೆ, ಅದರ ಹಿಂದೆ ಬರುವ ಆನೆಗೆ ಯಾರದೋ ಬೈಕು ಎದುರಾದರೆ? ವಾಪಸು ಹೋಗೋಣ ಎಂದೆ. “ಅಕ್ಕ ಕಡುಬು ಬೇಯಕ್ಕಿಟ್ಟಿದಾಳೆ” ಎಂದಳು ಸುಮಿತ್ರಾ. ನಮ್ಮಲ್ಲಿ ಕಡುಬಿಗೆ ಮೇಲ್ಮನವಿ ಇಲ್ಲ. ಹೊರಟೆವು. ಹಣ್ಣೂ ಹೊರಟಿತು.

ಭಾವನ ತೋಟದ ಗೇಟು ದಾಟಿದ ಮೇಲೆ ಮನೆಯವರೆಗೆ ಒಂದು ಗಾಡಿಯಷ್ಟೇ ಹಿಡಿಸುವ ಮಣ್ಣಿನ ರಸ್ತೆ. ಎರಡೂ ಕಡೆ ಬಿಳಿ. ರೆಂಬೆ ರೆಂಬೆಗೂ ಹೂವು ಒತ್ತಾಗಿ ಕೂತು ಎಲೆಯೇ ಕಾಣುತ್ತಿರಲಿಲ್ಲ. ನೋಡಲೆಂದೇ ಬಂದಿದ್ದ ಹೂವನ್ನು ನಾನು ನೋಡಲಿಲ್ಲ. ಅಷ್ಟು ಬಿಳಿಯ ನಡುವೆ ಕಪ್ಪಾಗಿ ಕಂಡದ್ದೆಲ್ಲ ಆನೆ! ಬಂಡೆ ಆನೆ, ನೀರಿನ ಟ್ಯಾಂಕು ಆನೆ, ಸಿಲ್ವರ್ ಓಕಿನ ಕಾಂಡಗಳು ಆನೆಯ ಕಾಲು. ಲೆಕ್ಕ ಹಾಕಿದರೆ ಆ ತೋಟದಲ್ಲಿ ಕಾಫಿಗಿಂತ ಆನೆಯೇ ಹೆಚ್ಚು.

ಫೋನು ಬಡಿಯಿತು. ಓಂಕಾರ ಭಾವ. ಗುಸುಗುಸು ದನಿ.

“ಎಲ್ಲಿದೀರಿ?”

“ಗೇಟು ದಾಟಿ, ತಿರುವಿನಲ್ಲಿ.”

“ಅಲ್ಲೇ ನಿಲ್ಸಿ. ಇಂಜಿನ್ ಆಫ್ ಮಾಡಿ. ಹಳ್ಳದಾಚೆ ಒಂಟಿ ಸಲಗ ನಿಂತಿದೆ. ಈಚೆ ದಾಟಿದ್ರೆ ನನ್ನ ಹೂವಿನ ಕತೆ ಮುಗೀತು. ನಾನು ಹೇಳೋವರೆಗೆ ಇಳೀಬೇಡಿ. ಆ ಹಣ್ಣು ಏನಾಯ್ತು?”

“ಕೊಟ್ಬಿಟ್ಟೆ ಭಾವ, ಕೊಟ್ಟಿಗೆಹಾರದಲ್ಲೇ.”

ಈ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಕ್ಷಣಕಾಲ ನಾನೇ ನಂಬಿ ನಿರಾಳನಾದೆ. ಸುಮಿತ್ರಾ ನನ್ನ ಮುಖ ನೋಡಿದಳು. ಮೂಗು ಡಿಕ್ಕಿಯ ಕಡೆ ತಿರುಗಿಸಿದಳು.

“ಈಗ ಎಂತ ಮಾಡ್ತೀರಿ?”

“ಸಾಕ್ಷ್ಯನಾಶ” ಎಂದೆ. “ತಿಂದುಬಿಡೋದು.”

“ಅಷ್ಟನ್ನೂ?”

“ಆನೆ ತಿನ್ನಲ್ವಾ?”

ಕತ್ತಿ ಇರಲಿಲ್ಲ. ಹಲಸು ಬಿಡಿಸುವ ಮೊದಲು ಕೈಗೆ ಹಚ್ಚಿಕೊಳ್ಳುವ ಎಣ್ಣೆಯೂ ಇರಲಿಲ್ಲ. ಧೈರ್ಯವೂ ಇರಲಿಲ್ಲ, ಆದರೆ ವೀಲ್ ಸ್ಪ್ಯಾನರ್ ಇತ್ತು. ಇಳಿಯಬೇಡಿ ಎಂದಿದ್ದರೂ ಮೆಲ್ಲಗೆ ಇಳಿದೆ. ಹಣ್ಣನ್ನು ಗಾಡಿಯ ಹಿಂದೆ ರಸ್ತೆಯ ಮೇಲಿಟ್ಟು ಸ್ಪ್ಯಾನರಿನಿಂದ ಒಂದು ಏಟು ಹಾಕಿದೆ.

ಮುಚ್ಚಿದ ಹಣ್ಣಿನ ವಾಸನೆಯನ್ನೇ ವಾಸನೆ ಎಂದುಕೊಂಡಿದ್ದೆ. ಒಡೆದ ಮೇಲೆ ಗೊತ್ತಾಯಿತು, ಅದು ಬರೀ ಪೀಠಿಕೆ! ಘಮ ಭುಗ್ಗನೆ ಎದ್ದು, ಕಾಫಿ ಹೂವಿನ ಪರಿಮಳವನ್ನು ಪಕ್ಕಕ್ಕೆ ತಳ್ಳಿ, ನೇರ ಹಳ್ಳದ ಕಡೆಗೆ ಹೊರಟಿತು. ಗಾಳಿಯೂ ಅತ್ತಲೇ ಬೀಸುತ್ತಿತ್ತು. ಗಾಬರಿಯಲ್ಲಿ ಎರಡೂ ಕೈ ಹಾಕಿ ತೊಳೆ ಕಿತ್ತು ನುಂಗತೊಡಗಿದೆ. ಮೇಣ ಬೆರಳಿಗೆ ಹತ್ತಿತು. ಬೆರಳನ್ನು ಅಂಗಿಗೆ ಒರೆಸಿದೆ, ಅಂಗಿಗೆ ಹತ್ತಿತು. ಕನ್ನಡಕ ಸರಿಮಾಡಿಕೊಂಡೆ, ಕನ್ನಡಕ ಕೈಗೇ ಬಂತು. ಸ್ಪ್ಯಾನರ್ ಅಂಗೈ ಬಿಡಲೊಪ್ಪಲಿಲ್ಲ.

ಆಗ ಹಿಂದೆ, ಗಿಡಗಳ ನಡುವೆ, ರೆಂಬೆಯೊಂದು ಛಟ್ ಎಂದಿತು. ಆಮೇಲೆ ದೊಡ್ಡದೊಂದು ಉಸಿರು.

ಮುಂದಿನ ಕ್ಷಣದ ಬಗ್ಗೆ ಮೂರು ಪಾಠಾಂತರಗಳಿವೆ. ನನ್ನ ಪ್ರಕಾರ ನಾನು, “ಸುಮಿತ್ರಾ, ನೀನು ಒಳಗೇ ಇರು, ನಾನು ಅದರ ಗಮನ ಸೆಳೆಯುತ್ತೇನೆ” ಎಂದು ಕೂಗಿ ಓಡಿದೆ. ಸುಮಿತ್ರಾಳ ಪ್ರಕಾರ ನಾನು “ಅಯ್ಯಮ್ಮಾ” ಎಂದೆ, ಅಷ್ಟೇ. ಅಂಗಳದಲ್ಲಿದ್ದ ವಿಶಾಲಕ್ಕನಿಗೆ ಕೇಳಿಸಿದ್ದು ಆನೆ ಘೀಳಿಟ್ಟ ಸದ್ದು. ಸತ್ಯ ಈ ಮೂರರ ನಡುವೆ ಎಲ್ಲೋ ಇರಬೇಕು ಎಂದು ನಾನು ಬಹಳ ದಿನ ವಾದಿಸಿದೆ. ಈಗ ಅಷ್ಟು ಒತ್ತಾಯಿಸುವುದಿಲ್ಲ.

ಓಡಿದ್ದು ಮಾತ್ರ ನಿಜ. ರಸ್ತೆಯಲ್ಲಿ ಓಡಬಹುದಿತ್ತು. ಆದರೆ ಮನೆಯ ಹೆಂಚು ತೋಟದಾಚೆ ಕಾಣುತ್ತಿತ್ತು, ಕಾಲುಗಳು ನೇರ ಗೆರೆ ಎಳೆದವು. ಹೂ ಬಿಟ್ಟ ಗಿಡಗಳ ನಡುವೆ, ಮೇಲೆ, ಕೆಲವು ಕಡೆ ಕೆಳಗೆ. ನಾನು ಸರಿಸಿದ ರೆಂಬೆ ಹಿಂದಕ್ಕೆ ಹೋಗಿ ಛಟ್ ಎನ್ನುತ್ತಿತ್ತು. ಅದನ್ನು ಕೇಳಿ ಆನೆ ಹತ್ತಿರ ಬಂತೆಂದು ಇನ್ನೂ ಜೋರಾಗಿ ಓಡುತ್ತಿದ್ದೆ. ಜೋರಾಗಿ ಓಡಿದಷ್ಟೂ ಆನೆ ಜೋರಾಯಿತು! ಮೇಣ ಹತ್ತಿದ ಅಂಗಿಗೆ ಹೂ ಅಂಟಿತು. ಹೂವಿನ ಜೊತೆ ಜೇನುನೊಣಗಳೂ ಬಂದವು. ಒಂದು ನನ್ನ ಎಡಗಿವಿಯನ್ನು ಆರಿಸಿಕೊಂಡಿತು.

ಅಂಗಳಕ್ಕೆ ಬಂದು ಬಿದ್ದಾಗ ಭಾವ ಕೈಯಲ್ಲಿ ಪಟಾಕಿ ಹಿಡಿದು ಕಡ್ಡಿ ಗೀರಲು ಸಿದ್ಧರಾಗಿದ್ದರು.

“ಯಾರದು?”

“ನಾನು, ಭಾವ.”

ಅಡಿಯಿಂದ ಮುಡಿಯವರೆಗೆ ಬಿಳಿ ಹೂವು ಅಂಟಿಸಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದ ಮದುಮಗನನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಜಗಲಿಯ ಮೇಲೆ ಸುಮಿತ್ರಾ ಕೂತು ಕಾಫಿ ಕುಡಿಯುತ್ತಿದ್ದಳು!

“ನೀನು ಹೇಗೆ ಬಂದೆ?”

“ಗಾಡಿ ಓಡಿಸ್ಕೊಂಡು, ರಸ್ತೆಯಲ್ಲೇ. ಅಕ್ಕನ ಮನೆ ಕೆಂಪು ದನ ಬಂದು ಹಣ್ಣಿಗೆ ಬಾಯಿ ಹಾಕ್ತು. ಪಾಪ, ನೀವು ಅದರ ಮುಖಾನಾದ್ರೂ ನೋಡ್ಬೇಕಿತ್ತು.”

ಸಲಗ ಹಳ್ಳ ದಾಟಲೇ ಇಲ್ಲವಂತೆ. ತಾನಾಗಿ ಕಾಡಿನ ಕಡೆ ತಿರುಗಿ ಹೋಗಿತ್ತು. ಭಾವ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ, ಬಿಳಿ ತೋಟದ ನಡುವೆ ಹಸಿರಾಗಿ ತೆರೆದುಕೊಂಡಿದ್ದ ದಾರಿಯನ್ನು ನೋಡಿದರು. ಬಯ್ಯುತ್ತಾರೆ ಎಂದು ಕಾದೆ. ನನ್ನ ಹೆಗಲಿನಿಂದ ಒಂದು ಹೂ ಕಿತ್ತು ಅಂಗೈಯಲ್ಲಿಟ್ಟುಕೊಂಡು, “ಕೈಗೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ, ಕಡುಬು ಆರುತ್ತೆ” ಎಂದರು. ಆ ಇಡೀ ದಿನದಲ್ಲಿ ನನಗೆ ಅತ್ಯಂತ ಭಯವಾದದ್ದು ಆಗ.

ಮರುದಿನ ಬೆಳಿಗ್ಗೆ ಪಕ್ಕದ ತೋಟದ ನಾಗೇಶಣ್ಣ ಆನೆ ದಾಳಿ ನೋಡಲು ಬಂದರು. ಊದಿ ಮೊರದಂತಾಗಿದ್ದ ಕಿವಿ ಹೊತ್ತು ನಾನೂ ಬೇಲಿಯ ಬಳಿ ನಿಂತಿದ್ದೆ. ನಾಗೇಶಣ್ಣ ಮುರಿದ ಗಿಡಗಳನ್ನು ಒಂದೊಂದಾಗಿ ನೋಡಿ ಲೊಚಗುಟ್ಟಿದರು.

“ಇದು ನಮ್ಮ ಕಡೆ ಆನೆ ಅಲ್ಲ, ಓಂಕಾರಣ್ಣ. ನಮ್ಮವು ಸಾಲಿನ ಮಧ್ಯೆ ನಡೀತವೆ, ಇಷ್ಟು ಹಾಳು ಮಾಡಲ್ಲ. ಇದ್ಯಾವುದೋ ದಾರಿ ಗೊತ್ತಿಲ್ಲದ್ದು, ಹೊಸತು. ಹೆದರಿಕೆ ಸ್ವಭಾವದ್ದು.”

ಭಾವ ಮುರಿದ ರೆಂಬೆಯೊಂದನ್ನು ಎತ್ತಿ ಗಿಡಕ್ಕೆ ಆನಿಸಿ ನಿಲ್ಲಿಸಲು ನೋಡಿದರು. ಅದು ನಿಲ್ಲಲಿಲ್ಲ.

“ಮತ್ತೆ ಬಂದ್ರೆ ಎಂತ ಮಾಡ್ತೀರಿ ಮಾರಾಯ್ರೆ?” ಎಂದರು ನಾಗೇಶಣ್ಣ. “ಉಳಿದ ತೋಟದಲ್ಲೆಲ್ಲ ಇನ್ನೂ ಹೂ ಇದೆ.”

ನನ್ನ ಹಿಂದಿನಿಂದ ಸುಮಿತ್ರಾಳ ದನಿ ಬಂತು. “ನೀವೇನೂ ಹೆದರ್ಬೇಡಿ ನಾಗೇಶಣ್ಣ. ತಿಂಡಿ ಆಗ್ತಿದ್ದ ಹಾಗೆ ನಾನೇ ಅದನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗ್ತೀನಿ.”

ಗಾಡಿಯ ಕೀ ಅವಳ ಕೈಯಲ್ಲಿತ್ತು. ನಾನು ತಲೆ ತಗ್ಗಿಸಿ ಹಿಂದೆ ಹೊರಟೆ.