ಭಾವನವರ ಜಪಾನು

ನಮ್ಮ ಭಾವನವರನ್ನು ಊಟಕ್ಕೆ ಕರೆದವರು ಎರಡನೆಯ ಸಲ ಕರೆದದ್ದನ್ನು ನಾನಂತೂ ಕಂಡಿಲ್ಲ! ಅವರೇನೂ ಹೆಚ್ಚು ತಿನ್ನುವವರಲ್ಲ. ಹೆಚ್ಚು ಮಾತಾಡುವವರು, ಅದೂ ಒಂದೇ ವಿಷಯ. ಸ್ವೀಡನ್ನಿನ ಲಿಂಕೋಪಿಂಗ್‌ನ ವಿಶ್ವವಿದ್ಯಾಲಯದಲ್ಲಿ ಅವರ ಸಂಶೋಧನೆ ಹಿಂದೆ ಅಮೆರಿಕಕ್ಕೆ ವಲಸೆ ಹೋದ ಜಪಾನೀಯರ ಕುರಿತು. ಆ ಜನ ಬಂಜರು ನೆಲ ಹಸನು ಮಾಡಿದರು; ಅವರು ಜಮೀನು ಕೊಳ್ಳದಂತೆ ಕಾನೂನು ಬಂತು. ಜಪಾನಿನ ಜೊತೆ ಯುದ್ಧ ಶುರುವಾದಾಗ ಸರ್ಕಾರ ಅವರನ್ನು ಮುಳ್ಳುಬೇಲಿಯ ಶಿಬಿರಕ್ಕೆ ತುಂಬಿತು. ಇದೆಲ್ಲ ಪುಸ್ತಕದಲ್ಲಿದ್ದರೆ ಯಾರಿಗೇನು ತೊಂದರೆ? ಭಾವ ಅದನ್ನು ತಟ್ಟೆಗೇ ಬಡಿಸುತ್ತಾರೆ!

ಒಮ್ಮೆ ಆಫೀಸಿನಲ್ಲಿ ಫೀಕಾಗೆಂದು, ಅಂದರೆ ಇಲ್ಲಿಯವರ ಕಾಫಿ ವಿರಾಮಕ್ಕೆಂದು, ಎಲ್ಲರೂ ಕಾಫಿ ಹಿಡಿದು ಕೂತಾಗ ಸಹೋದ್ಯೋಗಿಯೊಬ್ಬಳು, "ಜಪಾನಿನವರದು ಎಂಥ ಶಿಸ್ತು! ಇಲ್ಲಿಗೆ ಬರೋರೆಲ್ಲ ಹಾಗಿದ್ದಿದ್ರೆ..." ಎಂದು ಇವರನ್ನೇ ನೋಡಿ ನಕ್ಕಳಂತೆ. ಭಾವ ಬನ್ನು ಕೆಳಗಿಟ್ಟರು.

"ಆ ಶಿಸ್ತು ಕಂಡೇ ಆಗ ಅಮೆರಿಕದ ಜನ ಹೆದರಿದ್ದು. ಸೋಮಾರಿಯಾದ್ರೂ ತಪ್ಪು, ದುಡಿದ್ರೂ ತಪ್ಪು. ನಾನು ಯಾವ ತಪ್ಪು ಮಾಡ್ಲಿ, ನೀವೇ ಹೇಳಿ!"

ಮರುವಾರದಿಂದ ಆ ಗುಂಪಿನ ಕಾಫಿ ಬೇರೆ ಮಹಡಿಗೆ ಹೋಯಿತು.

ಕನ್ನಡಿಗರಾದರೂ ಸಹಿಸಿದರೇ? ಯುಗಾದಿಗೆ ಕರೆದ ಎಂಜಿನಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕುತ್ತಾ, "ನಮ್ ಕೇಸೇ ಬೇರೆ ಸರ್. ಟ್ಯಾಕ್ಸ್ ಕಟ್ತೀವಿ, ಮಕ್ಳು ಮನೇಲೂ ಸ್ವೀಡಿಶ್ಶೇ ಮಾತಾಡ್ತಾರೆ" ಎಂದರು.

"ಆ ಜಪಾನೀಯರ ಮಕ್ಕಳೂ ಇಂಗ್ಲಿಷೇ ಮಾತಾಡ್ತಿದ್ರು ಕಣ್ರೀ. ಬೇಲಿಯೊಳಗೆ ಹೋಗುವಾಗ ಇಂಗ್ಲಿಷಲ್ಲೇ ಅತ್ತರು."

ಎಂಜಿನಿಯರು ತುಪ್ಪದ ಬಟ್ಟಲು ಎತ್ತಿಕೊಂಡು ಅಡಿಗೆಮನೆಗೆ ಹೋದರು. ವಾಪಸು ಬರುವಾಗ ಅಕ್ಕ ಸಿಡುಕಿದಳು: "ಬಾಯಿ ಮುಚ್ಕೊಂಡು ಹೋಳಿಗೆ ತಿನ್ನೋಕಾಗಲ್ವಾ ನಿಮಗೆ?"

"ತಿಂದೆನಲ್ಲ, ಮೂರು!"

ಆಮೇಲೆ ಕೊರೊನಾ ಬಂತು. ಇಲ್ಲಿ ಯಾರೂ ಮಾಸ್ಕ್ ಹಾಕದ ದಿನಗಳಲ್ಲಿ ಭಾವ ಎರಡೆರಡು ಹಾಕಿ, ಬಸ್ಸು ನಿಲ್ಲಿಸುವ ಗುಂಡಿಯನ್ನು ಮೊಣಕೈಯಿಂದ ಒತ್ತುತ್ತಿದ್ದರು. ನಾನು ಜೊತೆಗಿದ್ದರೂ ಎರಡು ಸೀಟು ದೂರ! ಒಂದು ಮಧ್ಯಾಹ್ನ ಬಸ್ಸಿಗೆ ಜಪಾನಿನ ಮುದುಕಿಯೊಬ್ಬರು ಹತ್ತಿದರು. ಸ್ವೀಡಿಶ್ ಗಂಡನನ್ನು ಮದುವೆಯಾಗಿ ಬಂದು ಐವತ್ತು ವರ್ಷ ಇಲ್ಲೇ ಬದುಕಿದವರು ಎಂಬುದು ನಮಗೆ ತಿಳಿದದ್ದು ಆಮೇಲೆ. ಅವರು ಕೂತದ್ದೇ ತಡ, ಪಕ್ಕದಲ್ಲಿದ್ದ ಗಂಡಸು ಎದ್ದು, "ರೋಗ ತಗೊಂಡು ನಿನ್ನ ದೇಶಕ್ಕೆ ಹೋಗು" ಎಂದು ಕೂಗಿದ. ಬಸ್ಸಿನ ತುಂಬ ಜನ. ಎಲ್ಲರೂ ಫೋನು ನೋಡಿದರು. ನಾನೂ ನೋಡಿದೆ.

ಇನ್ನು ಭಾಷಣ ಶುರು, ಕೊನೆಯ ಸ್ಟಾಪಿನವರೆಗೆ ಬಿಡುವುದಿಲ್ಲ ಎಂದುಕೊಂಡೆ. ಭಾವ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ, ಆ ಖಾಲಿ ಸೀಟಿನಲ್ಲಿ, ಆಕೆಯ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತರು.

"ನಿಮಗೆ ಭಯ ಆಗಲ್ವೇ?" ಆಕೆ ಸ್ವೀಡಿಶ್‌ನಲ್ಲಿ ಕೇಳಿದರು.

"ತುಂಬಾ ಆಗ್ತಿದೆ," ಎಂದರು ಭಾವ.

ಆಕೆಯ ಸ್ಟಾಪು ಬಂದಾಗ ಭಾವ ಅವರ ಚೀಲ ಹಿಡಿದು ಇಳಿದರು. ನಮ್ಮದು ಇನ್ನೂ ನಾಲ್ಕು ಸ್ಟಾಪು ಆಚೆ ಇತ್ತು. ಫೋನು ಜೇಬಿಗೆ ಹಾಕಿ ನಾನೂ ಇಳಿದೆ.