ಮಾತು ಬಿಟ್ಟ ಕಂಪ್ಯೂಟರುಗಳು

ಕಂಪ್ಯೂಟರಿಗೂ ಕಂಪ್ಯೂಟರಿಗೂ ನಂಟು ಬೆಳೆಸೋದು ನನ್ನ ಕಸುಬು. ಸ್ಕೂಟರ್ ಹತ್ತಿ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತುತ್ತೇನೆ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದು ಮ್ಯಾಕ್. ಒಂದೇ ಕೋಣೆಯಲ್ಲಿದ್ದರೂ ಒಂದರ ಫೈಲು ಇನ್ನೊಂದಕ್ಕೆ ಕಾಣೋದಿಲ್ಲ. ಅವನ್ನು ಹೇಗೋ ಮಾತಾಡಿಸಬಹುದು. ನಡುವೆ ಮನುಷ್ಯರಿರುತ್ತಾರಲ್ಲ, ಎಡವಟ್ಟೆಲ್ಲ ಅಲ್ಲೇ. ತಿಂಗಳಿಗೊಂದಾದರೂ ಆಗದೆ ಇರೋದಿಲ್ಲ.

೧. ಸಾಂಬಾ

ಮಂಡ್ಯದ ಒಂದು ಶಾಲೆ. ಲ್ಯಾಬಿನಲ್ಲಿ ಲಿನಕ್ಸ್, ಆಫೀಸಿನಲ್ಲಿ ವಿಂಡೋಸ್. ಲ್ಯಾಬಿನಲ್ಲಿದ್ದ ಪ್ರಶ್ನೆಪತ್ರಿಕೆ ಆಫೀಸಿಗೆ ಬಂದು ಪ್ರಿಂಟ್ ಆಗಬೇಕು, ಮಧ್ಯಾಹ್ನವೇ ಪರೀಕ್ಷೆ. ಹೆಡ್‌ಮೇಡಂ ನನ್ನ ಬೆನ್ನ ಹಿಂದೆಯೇ ನಿಂತು, "ಏನಮ್ಮ ಕಮ್ಮಿಯಾಗಿದೆ?" ಅಂದರು.

ಲಿನಕ್ಸ್‌ಗೂ ವಿಂಡೋಸ್‌ಗೂ ಮಧ್ಯೆ ದುಭಾಷಿಯ ಹಾಗೆ ಕೆಲಸ ಮಾಡೋ ತಂತ್ರಾಂಶವೊಂದಿದೆ, ಹೆಸರು ಸಾಂಬಾ.

"ಸಾಂಬಾ ಇಲ್ಲ ಮೇಡಂ. ಹಾಕಿದರೆ ಸರಿಹೋಗುತ್ತೆ" ಅಂದೆ.

ಬಾಗಿಲಲ್ಲಿದ್ದ ಆಯಾ ಸರಕ್ಕನೆ ಮರೆಯಾದರು. ಹತ್ತು ನಿಮಿಷಕ್ಕೆ ಬಿಸಿಯೂಟದ ಅಡುಗೆಮನೆಯಿಂದ ಹಬೆಯಾಡುವ ಬಟ್ಟಲು ಹಿಡಿದು ಬಂದರು.

"ನುಗ್ಗೇಕಾಯೆಲ್ಲಾ ತೆಗ್ದಿವ್ನಿ ಕಣವ್ವ. ಒಳಗೆ ಸಿಗಾಕ್ಕಂಡ್ಬುಟ್ರೆ?"

೨. ಭಾಗ

ಮದ್ದೂರಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಣ್ಣತಮ್ಮಂದಿರು. ಅಣ್ಣನದು ವಿಂಡೋಸ್, ತಮ್ಮನದು ಮ್ಯಾಕ್. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಪ್ರಿಂಟರ್ ಮಾತ್ರ ಒಂದೇ, ಅದು ಅಣ್ಣನ ಮೇಜಿನ ಮೇಲೆ. ಬೆಸಗರಹಳ್ಳಿಯ ಹೆಣ್ಣಿನ ಕಡೆಯವರು ಕಾರ್ಡಿಗಾಗಿ ಬಾಗಿಲಲ್ಲೇ ಕೂತಿದ್ದರು.

"ಅವನ್ಗೆ ಫೋಲ್ಡರ್ ಓಪನ್ ಮಾಡಕ್ಕೇಳಿ" ಅಂತ ಅಣ್ಣ ನನಗೆ.

"ಮೊದ್ಲು ಅವ್ರಿಗೆ ಪ್ರಿಂಟ್ರು ಬುಡಕ್ಕೇಳಿ" ಅಂತ ತಮ್ಮನೂ ನನಗೇ.

ಇಬ್ಬರ ನಡುವೆ ಮೂರಡಿ ಜಾಗ ಅಷ್ಟೇ. ನನಗೆ ಸಾಕಾಗಿ, "ಇಬ್ಬರೂ ಶೇರ್ ಮಾಡ್ಬಿಡಿ, ಮುಗೀತು" ಅಂದೆ.

ಒಳಗಿಂದ ಅವರ ತಾಯಿ ಸೆರಗು ಸಿಕ್ಕಿಸಿಕೊಂಡು ಬಂದರು. "ಇನ್ನೇನವ್ವ ಉಳ್ದದೆ ಭಾಗ ಮಾಡಾಕೆ? ಗದ್ದೆ ಆಯ್ತು, ಮನೆ ಆಯ್ತು!"

ಭಾಗ ಅಲ್ಲಮ್ಮ, ಬೇರೆ ಬೇರೆ ಕಂಪನಿಯ ಕಂಪ್ಯೂಟರುಗಳನ್ನು ಜೋಡಿಸೋದು ಅಷ್ಟೇ ಅಂತ ಅವರಿಗೆ ಸಮಾಧಾನ ಹೇಳಿ, ವೈರು ಸಿಕ್ಕಿಸಿ, ಮ್ಯಾಕಿನಿಂದ ಕಳಿಸಿದ ಕಾರ್ಡು ಅಣ್ಣನ ಪ್ರಿಂಟರಲ್ಲಿ ಬರೋ ಹಾಗೆ ಮಾಡಿದೆ. ತಾಯಿ ಕಣ್ಣರಳಿಸಿ ನೋಡಿದರು.

"ಬ್ಯಾರೆ ಬ್ಯಾರೆ ಕಂಪ್ನಿವು ಅಂದ್ಯಲ್ಲ. ಈಗ ಮಾತಾಡ್ತವಾ?"

"ಆಡ್ತವೆ ಅಮ್ಮ."

"ಅಂಗಾದ್ರೆ ಅದೇ ವೈರ್ನ ಇವ್ರಿಬ್ರ ಕಿವಿಗೂ ಸಿಗಿಸ್ಬುಡವ್ವ!"

ಅಣ್ಣ ತಮ್ಮ ಒಟ್ಟಿಗೇ ನಕ್ಕರು. ನಕ್ಕಿದ್ದು ಗೊತ್ತಾದ ಕೂಡಲೇ ಇಬ್ಬರೂ ಮುಖ ಗಂಟು ಹಾಕಿಕೊಂಡರು.

೩. ಪಾಸ್‌ವರ್ಡು

ಮಳವಳ್ಳಿ ದಾಟಿ ಕಿರುಗಾವಲಿನಲ್ಲೊಂದು ಗೊಬ್ಬರದಂಗಡಿ. ಬಿತ್ತನೆ ಕಾಲ, ರೈತರು ಸಾಲಾಗಿ ನಿಂತಿದ್ದಾರೆ. ಯಾವ ಗೊಬ್ಬರ ಎಷ್ಟಿದೆ ಅನ್ನೋ ಪಟ್ಟಿ ಗೋಡೌನಿನ ಹಳೇ ಲಿನಕ್ಸ್‌ನಲ್ಲಿ. ಅದು ಮುಂದಿನ ಕೌಂಟರಿನ ಹೊಸ ವಿಂಡೋಸ್‌ಗೆ ಕಾಣಬೇಕು. ಎಲ್ಲ ಜೋಡಿಸಿದೆ. ಪಾಸ್‌ವರ್ಡ್ ಕೇಳಿತು.

"ಯಜಮಾನ್ರೇ, ಪಾಸ್‌ವರ್ಡ್ ಏನು?"

"ಯೋಳಾಕಿಲ್ಲ."

"ನಾನು ಯಾರಿಗೂ ಹೇಳಲ್ಲ."

"ನೀನು ಯೋಳ್ಬ್ಯಾಡ ಕಣವ್ವ, ಒತ್ತು. ಯೋಳಾಕಿಲ್ಲ."

"ನೀವು ಹೇಳದೆ ಏನಂತ ಒತ್ತಲಿ?"

"ಯೋಳ್ತಾನೇ ಇವ್ನಲ್ಲ, ಯೋಳಾಕಿಲ್ಲ ಅಂತ!"

ನನಗೂ ಸಿಟ್ಟು ಬಂತು. ಬ್ಯಾಗೆತ್ತಿಕೊಂಡು ಮೆಟ್ಟಿಲಿಳಿದೆ. ಸಾಲಿನಲ್ಲಿದ್ದ ರೈತರೊಬ್ಬರು ಅಡ್ಡ ಬಂದರು. "ಅಯ್ಯೋ, ಓಗ್ಬ್ಯಾಡ ಕಣಮ್ಮ. ಅದೇ ಪಾಸ್‌ವರ್ಡು. ಇಡೀ ಊರ್ಗೇ ಗೊತ್ತು."

ನಾಚಿಕೊಂಡು ವಾಪಸ್ ಬಂದು, ಇಂಗ್ಲಿಷ್ ಅಕ್ಷರದಲ್ಲಿ "ಹೇಳೋದಿಲ್ಲ" ಅಂತ ಒತ್ತಿದೆ. ತಪ್ಪು ಅಂತು. ಇನ್ನೊಮ್ಮೆ ಒತ್ತಿದೆ. ಆಗಲೂ ತಪ್ಪು.

ಯಜಮಾನರು ಇಣುಕಿ ನೋಡಿ ಹಣೆ ಚಚ್ಚಿಕೊಂಡರು.

"ಅದು ಕಿರುಗಾವಲಲ್ಲಿ ಬೆಳ್ದಿರೋ ಕಂಪ್ಯೂಟ್ರು ಕಣವ್ವ! ಪ್ಯಾಟೆ ಕನ್ನಡದಲ್ಲಿ ಕೂಗುದ್ರೆ ಬಾಗ್ಲು ತೆಗ್ದದಾ? 'ಯೋ' ಅಂತ ಸುರು ಮಾಡು!"